ಏಳು ಮೌನಿಗಳನ್ನು ಅಳಿಸುವ ಪ್ರಸ್ತಾವ

ಇಕ್ಕಳ ಎಂಬ ಹೆಸರನ್ನು ಅವಳಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ ಒಂದು ವಿಶ್ವಕೋಶವಿದೆಯಲ್ಲ, ಅಲ್ಲಿ ಬಿದ್ದ ಹೆಸರು. ಯಾರು ಬೇಕಾದರೂ ಬರೆದದ್ದನ್ನು ಯಾರಾದರೂ ಕೂತು ಅಳಿಸಬೇಕು ತಾನೇ? ಆ ಪುಣ್ಯದ ಕೆಲಸವನ್ನು ಅವಳು ಒಂಬತ್ತು ವರ್ಷದಿಂದ ಊಟದ ಬಿಡುವಿನಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದಳು. ತಮ್ಮ ಜೀವನಚರಿತ್ರೆಯನ್ನು ತಾವೇ ಬರೆದು ಮೊದಲ ಸಾಲಿನಲ್ಲೇ 'ವಿಶ್ವವಿಖ್ಯಾತ' ಎಂದು ಸೇರಿಸಿಕೊಂಡ ಕವಿಗಳು, ಮೂರು ತಿಂಗಳ ಹಿಂದೆ ತೆರೆದ ಅಂಗಡಿಯನ್ನು ಇತಿಹಾಸಕ್ಕೆ ಸೇರಿಸಿದ ವ್ಯಾಪಾರಿಗಳು, ತನ್ನ ಬೆಕ್ಕಿಗೆ ಒಂದು ಪುಟ ಮೀಸಲಿಟ್ಟ ಪ್ರಾಧ್ಯಾಪಕ, ಎಲ್ಲರನ್ನೂ ಅವಳು ಬುಡಸಮೇತ ಕಿತ್ತು ಎಸೆದಿದ್ದಳು. ಹಾಗೆ ಕೀಳಿಸಿಕೊಂಡವರೆಲ್ಲ ಸೇರಿ ಇಟ್ಟ ಹೆಸರು ಇಕ್ಕಳ. ಅವಳಿಗೆ ಅದು ಎಷ್ಟು ಹಿಡಿಸಿತೆಂದರೆ ತನ್ನ ಖಾತೆಗೂ ಅದನ್ನೇ ಇಟ್ಟುಕೊಂಡಳು.

ಹೊಟ್ಟೆಪಾಡಿಗೆ ಅವಳು ಹಲ್ಲಿನ ಸೆಟ್ ಮಾಡುತ್ತಿದ್ದಳು. ದಂತವೈದ್ಯರು ಕಳಿಸಿದ ದವಡೆಯ ಅಚ್ಚಿಗೆ ಗುಲಾಬಿ ಬಣ್ಣದ ಮೇಣ ಹಚ್ಚಿ, ಅದರಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಮೇಲಿನ ಸಾಲು ಕೆಳಗಿನ ಸಾಲನ್ನು ಸರಿಯಾಗಿ ಕಚ್ಚುತ್ತದೆಯೇ ಎಂದು ದವಡೆಯಂತೆ ತೆರೆದು ಮುಚ್ಚುವ ಕೀಲಿಗೆ ಹಾಕಿ ನೋಡುವ ಕೆಲಸ. ಊರಿನಲ್ಲಿ ಯಾರ ನಗು ಸ್ವಂತದ್ದು, ಯಾರದು ತನ್ನ ಮೇಜಿನಿಂದ ಹೋದದ್ದು ಎಂದು ಅವಳು ಬಸ್ಸಿನಲ್ಲಿ ಕೂತೇ ಹೇಳಬಲ್ಲಳು. ಸುಳ್ಳನ್ನು ನಿಜದಂತೆ ಕೂರಿಸುವುದು ಅವಳ ವೃತ್ತಿ, ನಿಜದಂತೆ ಕೂತ ಸುಳ್ಳನ್ನು ಕೀಳುವುದು ಅವಳ ಹವ್ಯಾಸ. ಎರಡರಲ್ಲೂ ಕೈ ಪಳಗಿತ್ತು.

ಒಂದು ಬುಧವಾರ ಮಧ್ಯಾಹ್ನ, ಡಬ್ಬಿಯ ಊಟ ಮಾಡುತ್ತ ಹೊಸ ಲೇಖನಗಳ ಪಟ್ಟಿ ನೋಡುತ್ತಿದ್ದಾಗ 'ಏಳು ಮೌನಿಗಳ ಸಂಘ' ಎಂಬುದು ಕಣ್ಣಿಗೆ ಬಿತ್ತು. ಊರಿನ ಹಳೆಯ ಕಾಲೇಜಿನಲ್ಲಿ ನಲವತ್ತೊಂದು ವರ್ಷದ ಹಿಂದೆ ಒಂದು ಗುಪ್ತ ಸಂಘವಿತ್ತಂತೆ. ಏಳು ಜನ ಸದಸ್ಯರಂತೆ. ಪ್ರತಿ ಸೋಮವಾರ ಬೆಳಿಗ್ಗೆ ಕಾಲೇಜಿನ ಸೂಚನಾ ಫಲಕದ ಮೇಲೆ ಹಸಿರು ಶಾಯಿಯಲ್ಲಿ ಬರೆದ ಒಂದು ಹಾಳೆ ಇರುತ್ತಿತ್ತಂತೆ, ಕೆಳಗೆ ಏಳು ಬೇರೆ ಬೇರೆ ಕೈಬರಹದ ರುಜು. ಅವರು ಯಾರೆಂದು ಇಂದಿಗೂ ಯಾರಿಗೂ ಗೊತ್ತಿಲ್ಲವಂತೆ. ಲೇಖನದ ತುಂಬ ಇಷ್ಟೊಂದು 'ಅಂತೆ' ಕಂಡರೆ ಇಕ್ಕಳಕ್ಕೆ ಬಾಯಲ್ಲಿ ನೀರೂರುತ್ತಿತ್ತು. ಡಬ್ಬಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು ಬರೆದಳು:

"ಅಳಿಸುವ ಪ್ರಸ್ತಾವ. ಇರುವ ಒಂದೇ ಆಧಾರ ಕಾಲೇಜಿನದೇ ಶತಮಾನೋತ್ಸವ ಸಂಚಿಕೆಯ ಅರ್ಧ ಪುಟ. ಅದನ್ನು ಬರೆದ ವಿದ್ಯಾರ್ಥಿಯೇ ಇದನ್ನೂ ಬರೆದಂತಿದೆ. ಏಳು ಜನ ಇಷ್ಟು ಕಷ್ಟಪಟ್ಟು ಗುಪ್ತವಾಗಿದ್ದಾರೆ ಎಂದಮೇಲೆ ಅವರನ್ನು ವಿಶ್ವಕೋಶಕ್ಕೆ ಎಳೆದು ತಂದು ವ್ರತ ಕೆಡಿಸುವುದು ನಮಗೆ ಶೋಭೆಯಲ್ಲ."

ಪ್ರಸ್ತಾವದ ಮೇಲೆ ಏಳು ದಿನ ಚರ್ಚೆ ನಡೆಯಬೇಕು, ಆಮೇಲೆ ಸಂಬಂಧವಿಲ್ಲದ ಒಬ್ಬ ನಿರ್ವಾಹಕರು ಬಂದು ತೀರ್ಮಾನ ಬರೆಯಬೇಕು, ಇದು ಅಲ್ಲಿನ ಕಟ್ಟಳೆ. ಇಕ್ಕಳ ತಾನು ಬರೆದದ್ದನ್ನು ಎರಡು ಸಲ ಓದಿ, ತಾನೇ ನಕ್ಕು, ಯಾರದೋ ಬಾಚಿಹಲ್ಲಿನ ಕೆಲಸಕ್ಕೆ ಮರಳಿದಳು.

ಆ ಸಂಜೆ ಊಟಕ್ಕೆ ಕೂತಾಗ ಅದನ್ನು ಮನೆಯಲ್ಲೂ ಓದಿ ಹೇಳಿದಳು. ಮನೆಯಲ್ಲಿ ಇದ್ದದ್ದು ಮೂವರೇ. ಅಪ್ಪ ಅಂಗಡಿಗಳಿಗೆ ಬೋರ್ಡ್ ಬರೆದು ಜೀವನ ಸಾಗಿಸಿದವನು. ಈಗ ಕೈ ಸ್ವಲ್ಪ ನಡುಗುತ್ತಿದ್ದುದರಿಂದ ಏಣಿ ಹತ್ತುವುದನ್ನು ಬಿಟ್ಟಿದ್ದ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರಿನವರ ಮಾತನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ನಿವೃತ್ತಳಾದವಳು. ಓದಿ ಮುಗಿಸುವಷ್ಟರಲ್ಲಿ ಅಮ್ಮನ ಕೈ ತಟ್ಟೆಯಲ್ಲೇ ನಿಂತಿತ್ತು.

"ಯಾವ ಸಂಘ ಅಂದೆ?"

"ಏಳು ಮೌನಿಗಳು. ಯಾಕಮ್ಮ?"

"ನಿಮ್ಮಪ್ಪನ ಸಂಘ ಕಣೇ ಅದು. ಆ ಆರು ಜನ."

ಆ ಆರು ಜನ ಎಂದರೆ ಯಾರೆಂದು ಇಕ್ಕಳಕ್ಕೆ ಹುಟ್ಟಿದಾಗಿನಿಂದ ಗೊತ್ತು. ಸಂಘದ ಹೆಸರು ಮಾತ್ರ ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಅಪ್ಪನನ್ನು ಕಾಲೇಜಿನಿಂದ ಎರಡನೇ ವರ್ಷದಲ್ಲೇ ಹೊರಗೆ ಹಾಕಿದ್ದರು. ಪ್ರಿನ್ಸಿಪಾಲರ ಬಗ್ಗೆ ಏನೋ ಬರೆದ ಗುಂಪಿನಲ್ಲಿ ಅವನೊಬ್ಬನೇ ಸಿಕ್ಕಿಬಿದ್ದಿದ್ದ. ಉಳಿದ ಆರು ಜನರ ಹೆಸರು ಹೇಳಿದರೆ ಬಿಡುತ್ತೇವೆ ಎಂದರೂ ಬಾಯಿ ಬಿಡಲಿಲ್ಲ. ಪದವಿ ಹೋಯಿತು, ಸರ್ಕಾರಿ ನೌಕರಿಯ ಕನಸು ಹೋಯಿತು. ಮರುವರ್ಷ ಅಮ್ಮನ ಮನೆಯವರು "ಕಾಲೇಜಿನಿಂದ ಓಡಿಸಿದ ಹುಡುಗ, ಇವನನ್ನ ನಂಬಿ ಹೆಣ್ಣು ಕೊಡೋದಾ" ಎಂದಾಗ ಅಮ್ಮ, "ಆರು ಜನ ಸ್ನೇಹಿತರನ್ನ ಬಿಟ್ಟುಕೊಡದವನು ನನ್ನನ್ನ ಬಿಡ್ತಾನಾ" ಎಂದು ಕೇಳಿ ಎಲ್ಲರ ಬಾಯಿ ಮುಚ್ಚಿಸಿದ್ದಳು. ಮದುವೆಯಾದ ಮೇಲೆ ಅವಳು ಗಂಡನ ನಿಷ್ಠೆಯನ್ನು ಎಷ್ಟು ಹೊಗಳುತ್ತಿದ್ದಳೋ ಆ ಆರು ಜನರನ್ನು ಅಷ್ಟೇ ಬೈಯುತ್ತಿದ್ದಳು. ಮಾಡು ಸೋರಿದರೆ ಅವರಿಗೆ ಬೈಗುಳ. ಅಪ್ಪ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷವಂತೂ ಅವರ ಏಳು ತಲೆಮಾರನ್ನು ಜಾಲಾಡಿದ್ದಳು. ಒಬ್ಬನಾದರೂ ಬಂದು ಹೇಗಿದ್ದೀಯ ಎಂದು ಕೇಳಲಿಲ್ಲವಲ್ಲ ಎಂಬುದು ಅವಳ ಹೊಟ್ಟೆಯೊಳಗಿನ ಉರಿ.

"ಹಾಗಾದ್ರೆ ಅದನ್ನ ಅಳಿಸಬೇಡ," ಎಂದಳು ಅಮ್ಮ. "ಇಡೀ ಲೋಕಕ್ಕೆ ಗೊತ್ತಾಗಲಿ."

"ಅಳಿಸಿಬಿಡು," ಎಂದ ಅಪ್ಪ. ಎಲ್ಲರಿಗಿಂತ ಮೊದಲೇ ಊಟ ಮುಗಿಸಿ ಎದ್ದಿದ್ದ. "ಒಳ್ಳೇ ಕೆಲಸ ಮಾಡಿದೀಯ. ಏನಿದೆ ಅದರಲ್ಲಿ. ಅಳಿಸಿಬಿಡು."

ಅಮ್ಮ ಇದನ್ನು ವಿನಯ ಎಂದುಕೊಂಡಳು. ಒಂಬತ್ತು ವರ್ಷದಿಂದ ಸುಳ್ಳಿನ ವಾಸನೆ ಹಿಡಿದ ಮಗಳ ಮೂಗಿಗೆ ಬೇರೇನೋ ತಟ್ಟಿತು.

ಮರುದಿನ ಹನ್ನೊಂದು ಗಂಟೆಗೆ ಅಪ್ಪ ಅವಳ ಕೆಲಸದ ಕೋಣೆಗೆ ಬಂದ. ಹದಿನಾಲ್ಕು ವರ್ಷದಲ್ಲಿ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಪ್ಲಾಸ್ಟರಿನ ಧೂಳು, ಮೇಣದ ವಾಸನೆ, ಕಪಾಟಿನ ತುಂಬ ಹೆಸರು ಚೀಟಿ ಅಂಟಿಸಿಕೊಂಡು ಬಾಯಿ ತೆರೆದು ಕೂತ ದವಡೆಗಳು. ಅವುಗಳ ನಡುವೆ ಒಂದು ಸ್ಟೂಲಿನ ಮೇಲೆ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟು, ಅಪ್ಪ ದವಡೆಗಳನ್ನು ಒಂದೊಂದಾಗಿ ನೋಡಿದ.

"ಆರು ಜನ ಇರಲಿಲ್ಲ," ಎಂದ ಕೊನೆಗೆ.

"ಅಂದ್ರೆ? ಐದು ಜನಾನಾ?"

"ಯಾರೂ ಇರಲಿಲ್ಲ ಮಗಳೇ. ನಾನೊಬ್ಬನೇ."

ಇಕ್ಕಳ ಕೈಯಲ್ಲಿದ್ದ ಹಲ್ಲನ್ನು ಮೇಣದಲ್ಲಿ ತಪ್ಪು ಜಾಗಕ್ಕೆ ಊರಿದಳು.

"ಒಬ್ಬನೇ ಬರೆದ್ರೆ ತಲೆಕೆಟ್ಟವನು ಅಂತಾರೆ," ಎಂದ ಅಪ್ಪ. "ಏಳು ಜನ ಬರೆದ್ರೆ ಸಂಘ ಅಂತಾರೆ. ನನಗೆ ಆಗಲೇ ಏಳೆಂಟು ಥರ ಅಕ್ಷರ ಬರ್ತಿತ್ತು. ಒಂದು ಗುಂಡಗೆ, ಒಂದು ಓರೆ, ಒಂದು ಡಾಕ್ಟರ್ ಬರೆದ ಹಾಗೆ. ಏಳು ರುಜು ಹಾಕ್ದೆ. ಜನ ಗುಸುಗುಸು ಶುರು ಮಾಡಿದ್ರು, ಇವನೇ ಇರಬೇಕು, ಅವನೇ ಇರಬೇಕು ಅಂತ. ನಾನೂ ಅವರ ಜೊತೆ ನಿಂತು ಊಹೆ ಮಾಡ್ತಿದ್ದೆ."

"ಅಂಥದ್ದೇನು ಬರೀತಿದ್ದೆ?"

ಅಪ್ಪನ ಮುಖದಲ್ಲಿ ಬೇಡಬೇಡವೆಂದರೂ ಒಂದು ನಗು ಬಂತು. "ಪ್ರಿನ್ಸಿಪಾಲರು ಒಂದು ಪುಸ್ತಕ ಬರೆದಿದ್ರು. ಲೈಬ್ರರಿಯಲ್ಲಿ ಎಂಟು ಪ್ರತಿ ಇಡಿಸಿದ್ರು. ಯಾರು ಯಾವತ್ತು ತಗೊಂಡ್ರು ಅಂತ ಪುಸ್ತಕದ ಕೊನೇಲಿ ಅಂಟಿಸಿರ್ತಾರಲ್ಲ, ಆ ಚೀಟಿಗಳನ್ನೆಲ್ಲ ನೋಡಿ ಬರೆದೆ: ಹತ್ತು ವರ್ಷದಲ್ಲಿ ಎಂಟು ಪ್ರತಿಗೂ ಸೇರಿ ಓದುಗರು ಒಬ್ಬರು, ಪ್ರಿನ್ಸಿಪಾಲರ ಶ್ರೀಮತಿ. ಅವರೂ ಮರುದಿನವೇ ವಾಪಸ್ ಕೊಟ್ಟಿದ್ದಾರೆ. ಅಷ್ಟೇ. ಅವತ್ತೇ ಎಲ್ಲರ ಕೈ ತೋರಿಸಿ ಅಂದ್ರು. ನನ್ನ ಬೆರಳಿಗೆ ಹಸಿರು ಅಂಟಿತ್ತು."

"ಒಬ್ಬನೇ ಅಂತ ಹೇಳ್ಬೇಕಿತ್ತು."

"ಹೇಳಿದೆ. ನಂಬಲಿಲ್ಲ. ಏಳು ಕೈಬರಹ ಇದೆಯಲ್ಲೋ, ನಮಗೇ ಕಿವಿಗೆ ಹೂ ಇಡ್ತೀಯಾ ಅಂದ್ರು. ಆಮೇಲೆ ಏನೇನೋ ಆಯ್ತು. ಬಿಡು ಅದನ್ನ. ಹೊರಗೆ ಹಾಕಿದ್ರು." ಅಪ್ಪ ಹತ್ತಿರದ ಕೆಳದವಡೆಯೊಂದನ್ನು ಎತ್ತಿಕೊಂಡು ಅದರ ಹೆಸರು ಚೀಟಿ ಓದುವವನಂತೆ ಮಾಡಿದ. "ನಿಮ್ಮಮ್ಮನಿಗೆ ಹೇಳೋಕೆ ಆಗಲಿಲ್ಲ. ಅವಳು ಮದುವೆ ಆಗಿದ್ದು ಆ ಆರು ಜನರನ್ನ ನೋಡಿ. ನನ್ನನ್ನ ನೋಡಿ ಅಲ್ಲ. ಅವರಿಲ್ಲ ಅಂದ್ರೆ ಇಷ್ಟು ವರ್ಷ ಅವಳ ಜೊತೆ ಇದ್ದದ್ದು ಯಾರು? ನನಗೆ ಭಯ ಕಣಮ್ಮ. ಅದು ಅಳಿಸಿ ಹೋಗಲಿ. ನಾಲ್ಕು ಜನ ಓದಿ, ಅದನ್ನ ಕೆದಕಿ, ಅವಳ ಕಿವಿಗೆ ಬೀಳೋದು ಬೇಡ."

ಇಕ್ಕಳಕ್ಕೆ ಅಪ್ಪನ ಮೇಲೆ ಎಂದೂ ಬರದಷ್ಟು ಅಕ್ಕರೆಯೂ ಅಷ್ಟೇ ಸಿಟ್ಟೂ ಒಟ್ಟಿಗೆ ಬಂದವು. ಅಳಿಸಿಯೇ ತೀರುತ್ತೇನೆ ಎಂದು ಮಾತು ಕೊಡಬಹುದಿತ್ತು. ಆದರೆ ವಿಷಯ ಈಗ ಮನೆಯದಾಗಿತ್ತು, ಮನೆಯವರ ವಿಷಯದಲ್ಲಿ ಕೈ ಹಾಕಬಾರದು ಎಂದು ಒಂಬತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವಳು ಅವಳೇ. ಅಪ್ಪ ಹೋದಮೇಲೆ ಚರ್ಚೆಯಲ್ಲಿ ಒಂದು ಸಾಲು ಬರೆದಳು: "ಈ ವಿಷಯಕ್ಕೂ ನನ್ನ ಮನೆಗೂ ಸಂಬಂಧವಿದೆ ಎಂದು ಈಗ ತಿಳಿಯಿತು. ಇನ್ನು ಮುಂದೆ ನಾನು ಇಲ್ಲಿ ಮಾತಾಡುವುದಿಲ್ಲ." ಜೀವನದಲ್ಲಿ ಅಷ್ಟು ಕಹಿಯಾದ ಸಾಲನ್ನು ಅವಳು ಬರೆದಿರಲಿಲ್ಲ.

ಅವಳು ಬಾಯಿ ಮುಚ್ಚಿದ್ದೇ ತಡ, ಮೌನಿಗಳೆಲ್ಲ ಬಾಯಿ ಬಿಟ್ಟರು.

ಮೊದಲು ಒಬ್ಬ ಕಣ್ಣಿನ ಡಾಕ್ಟರು ಬಂದು, "ಪ್ರಮಾಣ ಮಾಡಿದ್ದೇನೆ, ಹೆಚ್ಚು ಹೇಳಲಾರೆ. ಆದರೆ ಏಳರಲ್ಲಿ ನಾನೂ ಒಬ್ಬ" ಎಂದು ಬರೆದರು. ಅದನ್ನು ನೋಡಿ ಒಬ್ಬ ಸಿಮೆಂಟ್ ವ್ಯಾಪಾರಿಗೆ ತಾನೂ ಒಬ್ಬನೆಂದು ನೆನಪಾಯಿತು. ಶನಿವಾರದ ಹೊತ್ತಿಗೆ ಏಳು ಜನರ ಸಂಘಕ್ಕೆ ಹನ್ನೊಂದು ಮಂದಿ ಸದಸ್ಯರು ಹಾಜರಾಗಿದ್ದರು. ಅವರಲ್ಲೊಬ್ಬರು ತಾವೇ ಕೊಟ್ಟ ಜನ್ಮದಿನಾಂಕದ ಪ್ರಕಾರ ಆಗ ನಾಲ್ಕನೇ ತರಗತಿಯಲ್ಲಿರಬೇಕಿತ್ತು. ಎಲ್ಲರಿಗಿಂತ ದೊಡ್ಡ ಕುಳ ಒಬ್ಬ ನಿವೃತ್ತ ನ್ಯಾಯಾಧೀಶರು. ಅವರ ಆತ್ಮಕಥೆ ಹೆಸರಾಂತ ಪ್ರಕಾಶನದಿಂದ ಅಚ್ಚಾಗಿತ್ತು. ಅದರ ಒಂದಿಡೀ ಅಧ್ಯಾಯ 'ಏಳು ಮೌನಿಗಳ ನಡುವೆ' ಎಂದೇ ಇತ್ತು. ಯಾರೋ ಅದನ್ನು ಪುಟಸಂಖ್ಯೆ ಸಮೇತ ತಂದು ಚರ್ಚೆಯಲ್ಲಿ ಇಟ್ಟರು. ಗಾಳಿ ತಿರುಗಿತು. ಉಳಿಸಿ, ಉಳಿಸಿ, ಉಳಿಸಿ ಎಂದು ಮತಗಳು ಬೀಳತೊಡಗಿದವು.

"ಯಾರಿವರೆಲ್ಲ?" ಎಂದ ಅಪ್ಪ, ಅಡುಗೆಮನೆಯಲ್ಲಿ ಅಮ್ಮ ಇಲ್ಲದ ಹೊತ್ತು ನೋಡಿ, ಮಗಳ ಫೋನಿನ ಮೇಲೆ ಬಗ್ಗಿ. ಅವನಿಗೆ ಭಯ ಹೋಗಿ ಹೊಟ್ಟೆಕಿಚ್ಚು ಶುರುವಾಗಿತ್ತು. "ನಾನು ಯಾರನ್ನೂ ಸೇರಿಸಿಕೊಂಡಿಲ್ಲ. ನಾನೇ ಹೇಳ್ತಿದೀನಲ್ಲ. ನನ್ನ ಸಂಘಕ್ಕೆ ನಾನೇ ಆಧಾರ ಅಲ್ವಾ?"

"ಅಲ್ಲ ಅಪ್ಪ. ಅಚ್ಚಾದ ಪುಸ್ತಕ ಆಧಾರ. ನೀನು ಹೇಳೋದು ಸ್ವಂತ ಸಂಶೋಧನೆ, ಅದನ್ನ ಅಲ್ಲಿ ಒಪ್ಪಲ್ಲ."

"ಅವನು ಅಚ್ಚು ಹಾಕಿಸಿದ ಸುಳ್ಳು ನಿಜ. ನಾನು ಬಾಯಲ್ಲಿ ಹೇಳೋ ನಿಜ ಸಂಶೋಧನೆ."

"ಹೂಂ."

"ಒಳ್ಳೇ ವಿಶ್ವಕೋಶ ಕಟ್ಟಿದೀರಿ," ಎಂದು ಅಪ್ಪ ಹಿತ್ತಲಿಗೆ ಹೋಗಿ ಕೂತ.

ಇತ್ತ ಅಮ್ಮನಿಗೆ ಆತ್ಮಕಥೆಯ ಸುದ್ದಿ ತಲುಪಿತ್ತು. ತಲುಪಿಸಿದ್ದು ಅವಳ ಹಳೆಯ ಎಕ್ಸ್‌ಚೇಂಜಿನ ಗೆಳತಿ. ನಲವತ್ತು ವರ್ಷದಿಂದ ಹೆಸರಿಲ್ಲದೆ ಬೈಸಿಕೊಂಡಿದ್ದ ಆರರಲ್ಲಿ ಒಬ್ಬನಿಗೆ ಹೆಸರು ಸಿಕ್ಕಿತು. ಹೆಸರು ಸಿಕ್ಕರೆ ನಂಬರು ಹುಡುಕುವುದು ಅಮ್ಮನಿಗೆ ಎಷ್ಟರ ಮಾತು. ಮೂರನೇ ಫೋನಿಗೆ ನ್ಯಾಯಾಧೀಶರೇ ಸಿಕ್ಕರು. ಅಮ್ಮ ಗಂಡನ ಹೆಸರು ಹೇಳಿ, "ನಿಮ್ಮ ಜೊತೆಯವರು. ನಿಮಗೋಸ್ಕರ ಕಾಲೇಜು ಬಿಟ್ಟವರು. ಒಂದು ಸಲ ಬಂದು ಅವರ ಮುಖ ನೋಡಿ ಹೋಗಿ, ಸಾಕು" ಎಂದಳು. ಆ ಕಡೆಯಿಂದ ಎಷ್ಟು ಹೊತ್ತು ಸದ್ದೇ ಇರಲಿಲ್ಲವೆಂದರೆ ಲೈನು ಹೋಯಿತೇ ಎಂದು ಅವಳು ಅಭ್ಯಾಸಬಲದಿಂದ ಎರಡು ಸಲ "ಹಲೋ" ಎಂದಳು.

ಭಾನುವಾರ ಹನ್ನೊಂದಕ್ಕೆ ನ್ಯಾಯಾಧೀಶರು ಬಂದರು. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲೊಂದು ಕೋಲು, ಕಂಕುಳಲ್ಲಿ ಆತ್ಮಕಥೆಯ ಒಂದು ಪ್ರತಿ. ಬಾಗಿಲು ತೆರೆದ ಇಕ್ಕಳ ಅವರು ನಕ್ಕ ಕೂಡಲೇ ತನ್ನ ಕೆಲಸ ಗುರುತಿಸಿದಳು. ಮೇಲಿನ ಸೆಟ್ಟು ಹೋದ ವರ್ಷ ಅವಳ ಮೇಜಿನಿಂದಲೇ ಹೋದದ್ದು. ಚೆನ್ನಾಗಿ ಕೂತಿತ್ತು. ಅಪ್ಪ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಅವನಿಗೂ ಗೊತ್ತು, ಬಂದವರಿಗೂ ಗೊತ್ತು, ಬಂದವರಿಗೆ ಗೊತ್ತಿದೆ ಎಂದು ಅವನಿಗೂ ಗೊತ್ತು. ಗೊತ್ತಿಲ್ಲದವಳು ಅಮ್ಮ ಒಬ್ಬಳೇ. ಅವಳು ಚಹಾ ತಂದಿಟ್ಟು ಎದುರಿಗೇ ಕೂತಳು.

"ಇವರು ಏಣಿಯಿಂದ ಬಿದ್ದಾಗ ಎಲ್ಲಿದ್ರಿ ನೀವು?" ಎಂದು ಕೇಳಿದಳು.

ನ್ಯಾಯಾಧೀಶರು ತಲೆ ತಗ್ಗಿಸಿದರು. "ತಪ್ಪಾಯ್ತು ತಾಯಿ. ನಮ್ಮೆಲ್ಲರ ಪರವಾಗಿ ಕ್ಷಮೆ ಕೇಳ್ತೀನಿ. ನಾವು ಹೇಡಿಗಳು. ಇವರು ದೊಡ್ಡವರು." ನೂರಾರು ತೀರ್ಪು ಓದಿದ ಗಂಟಲು ಅದು, ಸರಾಗವಾಗಿ ಹರಿಯಿತು. ಅಮ್ಮನ ಕಣ್ಣು ತುಂಬಿತು. ಅಪ್ಪ ಕಪ್ಪಿನೊಳಗೆ ನೋಡುತ್ತ ಕೂತ. ಅಲ್ಲಿಗೇ ನಿಲ್ಲಿಸಿ ಎದ್ದು ಹೋಗಿದ್ದರೆ ಆರು ಜನ ಆ ಮನೆಯಲ್ಲಿ ಸುಖವಾಗಿ ಬಾಳುತ್ತಿದ್ದರು. ಆದರೆ ಮಾತು ಚೆನ್ನಾಗಿ ಬರುವವರ ಕಷ್ಟವೇ ಅದು, ನಿಲ್ಲಿಸಲು ಬರುವುದಿಲ್ಲ.

"ನೀರಿನ ಟ್ಯಾಂಕಿನ ಹಿಂದೆ ಸೇರ್ತಿದ್ವಿ," ಎಂದು ಮುಂದುವರಿಸಿದರು. "ಮೇಣದ ಬತ್ತಿ ಹಚ್ಚಿಕೊಂಡು. ಆ ಬರಹಗಳನ್ನ ನಾನು ಹೇಳ್ತಾ ಹೋಗ್ತಿದ್ದೆ, ಇವರು ಬರ್ಕೊಳ್ತಿದ್ರು. ಅಕ್ಷರ ತುಂಬ ಚೆಂದ ಇತ್ತಲ್ಲ, ಅದಕ್ಕೇ ಇವರನ್ನ ಇಟ್ಟುಕೊಂಡಿದ್ವಿ. ಆ ಪುಸ್ತಕದ ಜೋಕು, ಪ್ರಿನ್ಸಿಪಾಲರ ಶ್ರೀಮತಿ ಮರುದಿನವೇ ವಾಪಸ್ ಕೊಟ್ಟಿದ್ದು, ಅದು ನನಗೆ ಸ್ನಾನ ಮಾಡುವಾಗ ಹೊಳೆದದ್ದು."

ಅಪ್ಪ ಕಪ್ಪನ್ನು ಕೆಳಗಿಟ್ಟ.

"ಅದು ನಂದು," ಎಂದ.

"ಎಲ್ಲರದ್ದೂ ಅನ್ನಿ. ಸಂಘದ್ದು."

"ಇಲ್ಲ ಸ್ವಾಮಿ. ನಂದು. ಎಂಟು ಪುಸ್ತಕದ ಚೀಟಿ ನಾನು ಎಣಿಸಿದ್ದು. ಒಂದಕ್ಷರ ನಿಮ್ಮದಲ್ಲ. ಟ್ಯಾಂಕಿನ ಹಿಂದೆ ಯಾರೂ ಇರಲಿಲ್ಲ, ಅಲ್ಲಿ ಬರೀ ಕೆಸರು. ಯಾವ ಸಂಘಾನೂ ಇರಲಿಲ್ಲ. ಏಳು ರುಜೂನೂ ನಾನೇ ಹಾಕಿದ್ದು." ನಲವತ್ತು ವರ್ಷ ಹೆಂಡತಿಯ ಭಯಕ್ಕೆ ಹಿಡಿದಿಟ್ಟದ್ದನ್ನು ಒಂದು ಜೋಕಿನ ಹಕ್ಕಿಗಾಗಿ ಅವನು ಬಿಟ್ಟುಕೊಟ್ಟಿದ್ದ. ಬಿಟ್ಟುಕೊಟ್ಟೆ ಎಂದು ಅರಿವಾದದ್ದು ಅಮ್ಮನ ಕಡೆ ತಿರುಗಿದಾಗ.

ಅಮ್ಮನ ಕಣ್ಣಿನಲ್ಲಿ ಬಂದಿದ್ದ ನೀರು ಹಾಗೇ ನಿಂತಿತ್ತು.

"ಆರು ಜನ?" ಎಂದಳು.

"ಇರಲಿಲ್ಲ ಕಣೇ."

"ಹಾಗಾದ್ರೆ ನೀವು ಯಾರನ್ನ ಕಾಪಾಡಿದ್ರಿ? ಇಷ್ಟು ವರ್ಷ ನಾನು ಯಾರನ್ನ ಬೈದೆ?"

ಇಕ್ಕಳಕ್ಕೆ ಎದ್ದು ಹೋಗಿ ಅಪ್ಪನ ಪಕ್ಕದಲ್ಲಿ ನಿಲ್ಲಬೇಕು ಅನ್ನಿಸಿತು, ನಿಂತಳು. ನ್ಯಾಯಾಧೀಶರು ಪುಸ್ತಕವನ್ನು ಮೆಲ್ಲಗೆ ಮಗುಚಿಟ್ಟು ಕೋಲಿಗೆ ಕೈ ಹಾಕಿದರು. ಆಗ ಅಮ್ಮ ಅವರ ಮೇಲೆ ಹರಿಹಾಯ್ದಳು.

"ಇವರಿಗಾದ್ರೂ ಇಪ್ಪತ್ತು ವರ್ಷದ ಹುಡುಗುಬುದ್ಧಿ. ಇಲ್ಲದ ಸಂಘದಲ್ಲಿ ನಿಮಗೇನು ಕೆಲಸ? ನ್ಯಾಯದ ಕುರ್ಚಿ ಮೇಲೆ ಕೂತಿದ್ದವರು ನೀವು."

"ಬೈಬೇಡ ಅವರನ್ನ," ಎಂದ ಅಪ್ಪ.

"ಯಾಕೆ ಬೈಬಾರದು?"

"ಅವರ ಹೆಸರು ಇತ್ತು."

ಮೂವರೂ ಅವನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತ ಹೇಳಿದ. ಒಬ್ಬನೇ ಎಂದರೆ ಪ್ರಿನ್ಸಿಪಾಲರು ನಂಬಲಿಲ್ಲ, ಸರಿ. ಮೂರನೇ ದಿನ ಕರೆಸಿ ಮುಂದೆ ಒಂದು ಕಾಗದ ಇಟ್ಟರು. ಆರು ಹೆಸರು ಆಗಲೇ ಟೈಪಾಗಿತ್ತು. ಅವರಿಗೆ ಆಗದ ಆರು ಹುಡುಗರು, ಒಬ್ಬೊಬ್ಬರಿಗೆ ಒಂದೊಂದು ಕಾರಣ. ನೀನೇನೂ ಬರೆಯಬೇಕಾಗಿಲ್ಲ, ಕೆಳಗೆ ಸಹಿ ಹಾಕು ಸಾಕು, ನಿನ್ನನ್ನು ಉಳಿಸಿಕೊಳ್ಳುತ್ತೇನೆ, ಅವರನ್ನು ಕಳಿಸುತ್ತೇನೆ ಎಂದರು.

"ಎರಡನೇ ಹೆಸರು ನಿಮ್ಮದು," ಎಂದ ಅಪ್ಪ ನ್ಯಾಯಾಧೀಶರಿಗೆ. "ಹಾಸ್ಟೆಲಿನ ನೀರು ಸರಿಯಿಲ್ಲ ಅಂತ ಮೇಲಿನವರಿಗೆ ಅರ್ಜಿ ಹಾಕಿದ್ರಂತೆ ನೀವು. ನನಗೆ ನಿಮ್ಮ ಮುಖ ಕೂಡ ಗೊತ್ತಿರಲಿಲ್ಲ."

ನ್ಯಾಯಾಧೀಶರು ಕೋಲನ್ನು ಬಿಟ್ಟರು. ಅದು ಜಾರಿ ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ. "ಹಾಕಿದ್ದೆ," ಎಂದರು. ಆ ದನಿಯಲ್ಲಿ ತೀರ್ಪಿನ ಗತ್ತು ಇರಲಿಲ್ಲ. "ಆ ವರ್ಷ ನಮ್ಮಪ್ಪ ತೀರಿಕೊಂಡಿದ್ರು. ಕಾಲೇಜಿನಿಂದ ತೆಗೆದಿದ್ರೆ ಮತ್ತೆ ಎಲ್ಲೂ ಸೇರೋ ಹಾಗಿರಲಿಲ್ಲ." ಮಗುಚಿಟ್ಟ ಪುಸ್ತಕದ ಮೇಲೆ ಕೈಯಿಟ್ಟು, "ಪುಸ್ತಕದಲ್ಲಿ ಬರೆದದ್ದು ಸುಳ್ಳು," ಎಂದರು.

"ಗೊತ್ತು."

"ಕಾಲೇಜಿನ ಅಧ್ಯಾಯ ಬರೆಯೋಕೆ ಕೂತೆ. ಪಾಠ ಬರ್ಕೊಂಡಿದ್ದು ಬಿಟ್ಟರೆ ಮತ್ತೇನೂ ನೆನಪಾಗಲಿಲ್ಲ. ಎಷ್ಟು ಸಪ್ಪೆ ಅನ್ನಿಸ್ತು ಅಂದ್ರೆ ನಾಚಿಕೆ ಆಯ್ತು."

ಅವರು ಬೀದಿಯ ತಿರುವು ದಾಟುವವರೆಗೆ ಅಪ್ಪ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದಾಗ ಅಮ್ಮ ಕೋಣೆ ಸೇರಿದ್ದಳು.

ಸೋಮವಾರ ನ್ಯಾಯಾಧೀಶರು ತಮ್ಮ ಹೆಸರಿನಲ್ಲೇ ಚರ್ಚೆಗೆ ಬಂದು, "ನನ್ನ ಆತ್ಮಕಥೆಯ ಆರನೇ ಅಧ್ಯಾಯ ಕಟ್ಟುಕಥೆ. ನಾನು ಸದಸ್ಯನಲ್ಲ. ಆ ಸಂಘಕ್ಕೆ ಸದಸ್ಯರೇ ಇರಲಿಲ್ಲ. ಮುಂದಿನ ಮುದ್ರಣದಲ್ಲಿ ಇದನ್ನು ತೆಗೆಯುತ್ತೇನೆ" ಎಂದು ಬರೆದರು. ಒಡನೆಯೇ ಕಣ್ಣಿನ ಡಾಕ್ಟರರಿಗೆ ನೆನಪು ಮಂಜಾಯಿತು. ಸಿಮೆಂಟಿನವರು ತಾವು ಹೇಳಿದ್ದು ಬೇರೆ ಕಾಲೇಜಿನ ವಿಷಯ ಎಂದರು. ನಾಲ್ಕನೇ ತರಗತಿಯ ಸದಸ್ಯರು ಮಾತ್ರ ಕೊನೆಯವರೆಗೂ ಪಟ್ಟು ಬಿಡಲಿಲ್ಲ. ಬುಧವಾರ ನಿರ್ವಾಹಕರು ತೀರ್ಮಾನ ಬರೆದರು: "ಅಳಿಸಲಾಗಿದೆ. ಇಂಥ ಸಂಘ ಇತ್ತು ಎಂಬುದಕ್ಕೆ ನಂಬಬಹುದಾದ ಆಧಾರವಿಲ್ಲ." ಇಕ್ಕಳ ಅದನ್ನು ಕೆಲಸದ ಮೇಜಿನಲ್ಲಿ ಓದಿದಳು. ಅವಳ ಪ್ರಸ್ತಾವವೇ ಗೆದ್ದಿತ್ತು, ನಿಯಮದ ಪ್ರಕಾರ ಎಲ್ಲವೂ ಸರಿಯಾಗಿತ್ತು. ಸಹಿ ಬೀಳದ ಆ ಕಾಗದಕ್ಕೆ ಮಾತ್ರ ಎಲ್ಲೂ ಜಾಗವಿರಲಿಲ್ಲ, ಅದಕ್ಕೂ ಆಧಾರವಿಲ್ಲ. ಅವಳಿಗೆ ತನ್ನ ಇಕ್ಕಳತನದ ಮೇಲೆಯೇ ಮೊದಲ ಸಲ ಬೇಜಾರು ಬಂತು.

ಆ ಮೂರು ದಿನ ಅಮ್ಮ ಅಪ್ಪನ ಜೊತೆ ಬೇಕಾದಷ್ಟೇ ಮಾತಾಡಿದ್ದಳು: ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಮಾತ್ರೆ ತಗೊಳ್ಳಿ. ಮಾಡಿನ ಮೂಲೆಯಲ್ಲಿ ಹೊಸದಾಗಿ ನೀರು ಇಳಿದಿತ್ತು. ಅಮ್ಮ ಅದರ ಕೆಳಗೆ ಬಕೆಟ್ಟು ಇಟ್ಟಳೇ ಹೊರತು ಯಾರನ್ನೂ ಬೈಯಲಿಲ್ಲ, ಬೈಯಲು ಯಾರೂ ಉಳಿದಿರಲಿಲ್ಲ. ಅಪ್ಪ ಮನೆಯೊಳಗೆ ಬಾಡಿಗೆಗೆ ಬಂದವನ ಹಾಗೆ ಓಡಾಡುತ್ತಿದ್ದ.

ಬುಧವಾರ ಸಂಜೆ ಮಗಳು ತೀರ್ಮಾನ ಓದಿ ಹೇಳಿದಾಗ ಅಮ್ಮ ಹೂಂ ಎಂದಳು. ಆಮೇಲೆ ಎದ್ದು ಹೋಗಿ, ಎಕ್ಸ್‌ಚೇಂಜಿನ ಕಾಲದ ತನ್ನ ದಪ್ಪ ಡೈರಿ ಮತ್ತು ಪೆನ್ನು ತಂದು ಅಪ್ಪನ ಎದುರಿಗೆ ಕೂತಳು.

"ಆ ಕಾಗದದಲ್ಲಿದ್ದ ಉಳಿದ ಐದು ಹೆಸರು ಹೇಳಿ."

"ಯಾಕೆ?"

"ಫೋನ್ ಮಾಡ್ತೀನಿ. ಬೈಯೋಕಲ್ಲ. ತಾವು ಯಾರಿಂದ ಉಳಿದ್ವಿ ಅಂತ ಅವರಿಗೆ ಗೊತ್ತಾಗಬೇಕು. ಒಬ್ಬರಿಗೆ ಗೊತ್ತಾದ್ರೆ ಸಾಕಾ?"

"ಹೇಳಲ್ಲ," ಎಂದ ಅಪ್ಪ.

"ನನಗೂ ಹೇಳಲ್ವಾ?"

"ನಿನಗೂ ಇಲ್ಲ. ಅವರು ತಾವಾಗಿ ಬಂದು ಎದುರಿಗೆ ಕೂತ್ರು, ಹೇಳ್ದೆ. ಉಳಿದವರು ಬಂದಿಲ್ಲ. ಅವರ ಪಾಡಿಗೆ ಅವರಿದ್ದಾರೆ."

ಅಮ್ಮ ಪೆನ್ನು ಹಿಡಿದುಕೊಂಡೇ ಅವನನ್ನು ನೋಡಿದಳು. ಊರಿನ ಯಾವ ನಂಬರನ್ನಾದರೂ ಮೂರು ಫೋನಿನಲ್ಲಿ ಹುಡುಕುವ ಹೆಂಗಸಿಗೆ ತನ್ನ ಮನೆಯೊಳಗಿನ ಐದು ಹೆಸರು ಸಿಗುತ್ತಿರಲಿಲ್ಲ. ಸಿಗುವುದೂ ಇಲ್ಲ ಎಂದು ಅವಳಿಗೆ ಅರ್ಥವಾಯಿತು. ಅರ್ಥವಾದದ್ದೇ ತಡ, ಅವಳ ಮುಖದ ಮೂರು ದಿನದ ಬಿಗಿ ಸಡಿಲವಾಯಿತು.

"ಪ್ರಿನ್ಸಿಪಾಲರಿಗೂ ಹೀಗೇ ಹೇಳಿದ್ರಾ? ಮುಖ ಗಂಟು ಹಾಕ್ಕೊಂಡು?"

"ಇಲ್ಲ ಕಣೇ," ಎಂದ ಅಪ್ಪ. ಅವನಿಗೆ ಮುಚ್ಚಿಡುವುದು ಸಾಕಾಗಿತ್ತು. "ಪೆನ್ನು ಕೈಗೆ ತಗೊಂಡಿದ್ದೆ. ಸಹಿ ಹಾಕಿಬಿಡೋಣ ಅಂತಲೇ ತಗೊಂಡಿದ್ದು. ಆಮೇಲೆ ಆಗಲಿಲ್ಲ. ಅಲ್ಲೇ ಅವರೆದುರಿಗೇ ಗೋಳೋ ಅಂತ ಅತ್ತುಬಿಟ್ಟೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ."

ಅಮ್ಮನಿಗೂ ಅಳು ಬಂತು. ತಡೆಯುವ ಗೋಜಿಗೆ ಅವಳು ಹೋಗಲಿಲ್ಲ.

"ಮೊದಲೇ ಹೇಳಿದ್ರೆ ಆ ಅತ್ತ ಹುಡುಗನನ್ನೇ ಮದುವೆ ಆಗ್ತಿದ್ದೆ ಕಣ್ರೀ," ಎಂದಳು. "ಆರು ಜನರನ್ನ ಯಾಕೆ ಕರ್ಕೊಂಡು ಬಂದ್ರಿ?"